ಹತ್ತು ರಾಗ, ಮೂರು ಪೆಟ್ಟಿಗೆ, ಇಪ್ಪತ್ತೆಂಟು ವರ್ಷದ ಮೌನ

ಮೊನ್ನೆ ಸಂಜೆ ಆರೂವರೆ ಹೊತ್ತಿಗೆ ಹರಿಹರದಿಂದ ದಾವಣಗೆರೆಗೆ ಬರುತ್ತಿದ್ದ ಬಸ್ಸಿನಲ್ಲಿ ಒಂದು ಸಣ್ಣ ಗಲಾಟೆ ನಡೆಯಿತು. ಕಾಲೇಜು ಹುಡುಗನೊಬ್ಬ ಮೊಬೈಲಿನಲ್ಲಿ ಎಂಥದೋ ಹಾಡು ಜೋರಾಗಿ ಹಾಕಿಕೊಂಡಿದ್ದ. ಹಾಡು ಅಂದರೆ ಹಾಡಲ್ಲ, ಮಾತಿಲ್ಲ, ಹಾಡುವವನಿಲ್ಲ. ಕೆಳಗೆ ದಬ್ ದಬ್ ದಬ್ ಅಂತ ಒಂದೇ ಸಮನೆ ಪೆಟ್ಟು, ಮೇಲೆ ಪೀಪಿ ಊದಿದ ಹಾಗೆ ಸುತ್ತಿ ಸುತ್ತಿ ಬರುವ ಒಂದು ನಾದ. ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಸ್ವಲ್ಪ ಹೊತ್ತು ತಡೆದುಕೊಂಡರು. ಆಮೇಲೆ, "ಲೇ ತಮ್ಮಾ, ಆ ಹಿಟ್ಟಿನ ಗಿರಣಿ ಬಂದ್ ಮಾಡು" ಅಂದರು.

ಹುಡುಗ ಬಂದ್ ಮಾಡಲಿಲ್ಲ. "ಅಜ್ಜಾ, ಇದು ಗಿರಣಿ ಅಲ್ಲ, ರಾಗ. ಯಮನ್ ರಾಗ. ನಿಮ್ಮ ಕಾಲದ್ದೇ, 1982ರದ್ದು" ಅಂದ.

"ಯಮನ್ನೋ, ಯಮನೋ!" ಅಂದರು ಹಿರಿಯರು. ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ಹತ್ತಿರ ಬಂದು, "ರಾಗ ಆಗ್ಲಿ, ರೋಗ ಆಗ್ಲಿ, ಕಿವಿಗೆ ವೈರ್ ಹಾಕ್ಕೊಂಡು ಕೇಳಪ್ಪಾ" ಎಂದು ತೀರ್ಪು ಕೊಟ್ಟು ಮುಂದಕ್ಕೆ ಹೋದ. ಅಲ್ಲಿಗೆ ಕೇಸು ಖುಲಾಸ್.

ಆದರೆ ನನ್ನ ತಲೆಯಲ್ಲಿ ಖುಲಾಸ್ ಆಗಲಿಲ್ಲ. 1982ರಲ್ಲಿ ನಾನಿನ್ನೂ ಹುಟ್ಟಿರಲಿಲ್ಲ. ಆ ಕಾಲದಲ್ಲಿ ಇಂಥದ್ದನ್ನು ಮಾಡಿದ ಪುಣ್ಯಾತ್ಮ ಯಾರು? ಇಳಿಯುವಾಗ ಹುಡುಗನನ್ನು ಹಿಡಿದು ಕೇಳಿದೆ. ಹೆಸರು ಹೇಳಿದ. ರಾತ್ರಿ ಮನೆಯಲ್ಲಿ ಕೂತು ಹತ್ತಕ್ಕೆ ಹತ್ತೂ ರಾಗ ಕೇಳಿದೆ. ಕೇಳಿದ ಮೇಲೆ ಬರೆಯದೆ ಇರೋಕೆ ಆಗಲಿಲ್ಲ. ಅದಕ್ಕೆ ಈ ಅಂಕಣ.

ಮೊದಲೇ ಒಂದು ಮಾತು

ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ. ಸಂಗೀತದ ಯಂತ್ರಗಳ ಮೇಲೆ ನನಗೆ ಹಳೇ ಸಿಟ್ಟಿದೆ.

ನಮ್ಮ ದೊಡ್ಡಪ್ಪ ಆರ್ಕೆಸ್ಟ್ರಾದಲ್ಲಿ ಢೋಲಕ್ ಬಾರಿಸುತ್ತಿದ್ದವರು. ಮದುವೆ ಆಗಲಿ, ಗಣಪತಿ ಆಗಲಿ, ದುಗ್ಗಮ್ಮನ ಜಾತ್ರೆ ಆಗಲಿ, ಅವರ ಢೋಲಕ್ ಇಲ್ಲದೆ ಸ್ಟೇಜ್ ಏಳುತ್ತಿರಲಿಲ್ಲ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಅವರ ತಂಡಕ್ಕೆ ಒಂದು ರಿದಂ ಪ್ಯಾಡ್ ಬಂತು. ಎರಡು ಕಡ್ಡಿ, ಒಂದು ಕರೀ ಹಲಗೆ. ಕಡ್ಡಿ ಮುಟ್ಟಿಸಿದರೆ ತಬಲಾ ಅಂದ್ರೆ ತಬಲಾ, ಢೋಲಕ್ ಅಂದ್ರೆ ಢೋಲಕ್. ಊಟಕ್ಕೆ ಒಂದು ಎಲೆ ಕಮ್ಮಿ, ಬಸ್ ಚಾರ್ಜು ಕಮ್ಮಿ, ಸಂಭಾವನೆ ಕಮ್ಮಿ. ಮುಂದಿನ ಲಗ್ನದ ಸೀಸನ್ನಿಗೆ ದೊಡ್ಡಪ್ಪನಿಗೆ ಕರೆ ಬರಲಿಲ್ಲ. "ಬ್ಯಾಡ" ಅಂತಲೂ ಯಾರೂ ಹೇಳಲಿಲ್ಲ, ಸುಮ್ಮನೆ ಕರೆಯೋದು ಬಿಟ್ಟರು. ಢೋಲಕ್ ಗೋಡೆಯ ಮೊಳೆಗೆ ಹೋಯಿತು, ದೊಡ್ಡಪ್ಪ ಮಂಡಿಪೇಟೆಯ ಗುಮಾಸ್ತಿಕೆಗೆ ಹೋದರು.

ಹಾಗಾಗಿ "ತಬಲಾ ಬೇಡ ಅಂತ ಬದಿಗಿಟ್ಟು ಯಂತ್ರ ಹಾಕಿದ" ಎಂಬ ಮನುಷ್ಯನ ಬಗ್ಗೆ ನಾನು ಬರೆಯಲು ಕೂತದ್ದು ಪ್ರೀತಿಯಿಂದ ಅಲ್ಲ. ಬೈಯೋಣ ಅಂತಲೇ ಕೂತೆ. ಆಮೇಲೆ ಏನಾಯಿತು ಅನ್ನೋದನ್ನು ಕೇಳಿ.

ಯಾರು ಈ ಚರಣ್‌ಜಿತ್?

ಹೆಸರು ಚರಣ್‌ಜಿತ್ ಸಿಂಗ್. ಹುಟ್ಟಿದ್ದು 1940ರಲ್ಲಿ. ಕಸುಬು, ಮುಂಬಯಿಯ ಹಿಂದಿ ಸಿನಿಮಾ ಸಂಗೀತದಲ್ಲಿ ವಾದ್ಯ ನುಡಿಸುವುದು. ಇವರು ಸಂಗೀತ ನಿರ್ದೇಶಕರಲ್ಲ, ಗಾಯಕರೂ ಅಲ್ಲ. ಸ್ಟುಡಿಯೋದಿಂದ ಕರೆ ಬಂದರೆ ಹೋಗುವುದು, ಮುಂದೆ ಇಟ್ಟದ್ದನ್ನು ನುಡಿಸುವುದು, ಕೂಲಿ ತಗೊಂಡು ಮನೆಗೆ ಬರುವುದು. ಶಂಕರ್-ಜೈಕಿಶನ್, ಆರ್.ಡಿ. ಬರ್ಮನ್, ಲಕ್ಷ್ಮೀಕಾಂತ್-ಪ್ಯಾರೇಲಾಲ್ ಎಂಬ ಘಟಾನುಘಟಿಗಳ ಕೈಕೆಳಗೆ ದುಡಿದವರು. ಬೇಸ್ ಗಿಟಾರ್, ಸ್ಟೀಲ್ ಗಿಟಾರ್, ಆಮೇಲೆ ವಿದ್ಯುತ್ ಕೀಬೋರ್ಡ್, ಕೊಟ್ಟದ್ದೆಲ್ಲ ನುಡಿಸುವ ಕೈ.

1971ರಲ್ಲಿ ದೇವಾನಂದ್ ತೆಗೆದ 'ಹರೇ ರಾಮಾ ಹರೇ ಕೃಷ್ಣಾ' ಚಿತ್ರದ 'ದಮ್ ಮಾರೋ ದಮ್' ಹಾಡು ಗೊತ್ತಿಲ್ಲದವರು ಯಾರಿದ್ದಾರೆ? ಹಾಡಿದವರು ಆಶಾ ಭೋಂಸ್ಲೆ, ಸಂಗೀತ ಆರ್.ಡಿ. ಬರ್ಮನ್. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆ ಹಾಡಿನ ಶುರುವಿನಲ್ಲೇ ಹೊಗೆಯ ಹಾಗೆ ಏಳುವ ಒಂದು ನಾದ ಇದೆಯಲ್ಲ, ಅದನ್ನು ಟ್ರಾನ್ಸಿಕಾರ್ಡ್ ಎಂಬ ವಿದ್ಯುತ್ ಅಕಾರ್ಡಿಯನ್ನಿನಲ್ಲಿ ನುಡಿಸಿದ ಕೈ ಇದೇ ಚರಣ್‌ಜಿತ್ ಸಿಂಗರದು. ಅರ್ಧ ಶತಮಾನದಿಂದ ದೇಶವೆಲ್ಲ ಕೇಳಿದೆ. ಹೆಸರು ಮಾತ್ರ ಕೇಳಿಲ್ಲ.

ಅದು ಅವರೊಬ್ಬರ ಹಣೆಬರಹವಲ್ಲ. ಆ ಕಾಲದ ಗ್ರಾಮಫೋನ್ ಪ್ಲೇಟಿನ ಮೇಲೆ ಸಿನಿಮಾದ ಹೆಸರು, ಹಾಡಿದವರ ಹೆಸರು, ಬರೆದವರ ಹೆಸರು, ಸಂಗೀತ ನಿರ್ದೇಶಕರ ಹೆಸರು ಇರುತ್ತಿತ್ತು. ಪಿಟೀಲು ತಿಕ್ಕಿದವನು, ಡೋಲು ಬಡಿದವನು ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಮನೆ ಕಟ್ಟಿದ ಗಾರೆಯವನ ಹೆಸರನ್ನು ಗೃಹಪ್ರವೇಶದ ಕಾಗದದಲ್ಲಿ ಯಾರು ಹಾಕಿಸುತ್ತಾರೆ ಹೇಳಿ?

ಹೀಗೆ ಬೇರೆಯವರಿಗೆ ದುಡಿಯುತ್ತಲೇ ಚರಣ್‌ಜಿತ್ ಸಿಂಗ್ ತಮ್ಮ ಹೆಸರಿನಲ್ಲೂ ಕೆಲವು ಪ್ಲೇಟು ಹೊರಡಿಸಿದ್ದರು. ಸಿನಿಮಾ ಹಾಡುಗಳನ್ನೇ ಗಾಯಕರಿಲ್ಲದೆ ವಾದ್ಯದಲ್ಲಿ ನುಡಿಸಿದ ಪ್ಲೇಟುಗಳು ಅವು.

ಕೊಡಗಿನ ರಕ್ತ, ಲಂಡನ್ನಿನ ಡಿಸ್ಕೋ

ಇಲ್ಲಿ ನಮ್ಮ ರಾಜ್ಯದ ಒಂದು ಕೊಂಡಿ ಬಂದು ಸೇರುತ್ತದೆ. ಕೊಡವ ಮನೆತನದ, ಬೆಂಗಳೂರಿನಲ್ಲಿ ಹುಟ್ಟಿದ ಬಿದ್ದು ಅಪ್ಪಯ್ಯ ಎಂಬ ತರುಣ ಗಿಟಾರ್ ಹಿಡಿದುಕೊಂಡು 60ರ ದಶಕದಲ್ಲಿ ಲಂಡನ್ ಸೇರಿದರು. 1974ರಲ್ಲಿ ಅವರು ತಯಾರಿಸಿದ, ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫು ಫೈಟಿಂಗ್' ಲೋಕವನ್ನೇ ಕುಣಿಸಿತು. ಆಮೇಲೆ 1980ರಲ್ಲಿ ಫಿರೋಜ್ ಖಾನ್ ಅವರ 'ಕುರ್ಬಾನಿ' ಚಿತ್ರಕ್ಕೆ ಇದೇ ಬಿದ್ದು ಮಾಡಿಕೊಟ್ಟ ಹಾಡು 'ಆಪ್ ಜೈಸಾ ಕೋಯಿ'. ಹಾಡಿದ ನಾಜಿಯಾ ಹಸನ್‌ಗೆ ಆಗ ಬರೀ ಹದಿನೈದು ವರ್ಷ.

ಆ ಒಂದು ಹಾಡು ಬಂದದ್ದೇ ತಡ, ಹಿಂದಿ ಸಿನಿಮಾಕ್ಕೆ ಡಿಸ್ಕೋ ಜ್ವರ ಏರಿತು. 1981ರಲ್ಲಿ 'ಡಿಸ್ಕೋ ದೀವಾನೆ', 1982ರಲ್ಲಿ ಬಪ್ಪಿ ಲಹಿರಿ ಸಂಗೀತದ 'ಡಿಸ್ಕೋ ಡ್ಯಾನ್ಸರ್'. ಬೆಳ್ಳಿ ಬಣ್ಣದ ಪ್ಯಾಂಟು, ತಿರುಗುವ ದೀಪ, ದಬ್ ದಬ್ ಪೆಟ್ಟು. ಅಂಗಡಿಯ ಹೆಸರಿನಿಂದ ಹಿಡಿದು ಹುಡುಗರ ಕಾಲರ್ ತನಕ ಎಲ್ಲಾ ಡಿಸ್ಕೋಮಯ.

ಚರಣ್‌ಜಿತ್ ಸಿಂಗ್ ಇದರ ನಡುವೆಯೇ ಇದ್ದವರು. ಎಷ್ಟೋ ವರ್ಷದ ನಂತರ ಅವರು ಸಂದರ್ಶನದಲ್ಲಿ ಹೇಳಿಕೊಂಡದ್ದು ಇಷ್ಟು: ಆಗ ಸಿನಿಮಾ ತುಂಬಾ ಡಿಸ್ಕೋ ಇತ್ತು, ಅದೇ ಡಿಸ್ಕೋ ಇಟ್ಟುಕೊಂಡು ಬೇರೆ ಏನಾದರೂ ಯಾಕೆ ಮಾಡಬಾರದು ಅನ್ನಿಸಿತು; ತಬಲಾ ತೆಗೆದುಬಿಟ್ಟು ನಮ್ಮ ರಾಗಗಳಿಗೆ ಡಿಸ್ಕೋ ತಾಳ ಹಾಕಿದೆ. ಇಷ್ಟೇ. ಇದರಲ್ಲಿ ದೊಡ್ಡ ಸಿದ್ಧಾಂತ ಏನೂ ಇಲ್ಲ. ಇಡ್ಲಿ ಹಿಟ್ಟು ಮಿಕ್ಕಿದೆ, ಪಡ್ಡು ಹಾಕಿ ನೋಡೋಣ ಅನ್ನುವ ಮನೆ ಹೆಂಗಸಿನ ಬುದ್ಧಿ ಅದು. ಒಳ್ಳೆಯ ಅಡುಗೆ ಹುಟ್ಟುವುದೂ ಹಾಗೆಯೇ ಅಲ್ಲವೆ?

ಮೂರು ಪೆಟ್ಟಿಗೆಗಳ ಕತೆ

ಈಗ ಆ ಮೂರು ಪೆಟ್ಟಿಗೆಗಳ ವಿಚಾರ. ಮೂರೂ ಜಪಾನಿನ ರೋಲ್ಯಾಂಡ್ ಕಂಪನಿಯ ಮಾಲು. ಆಗಿನ್ನೂ ಪೇಟೆಗೆ ಬಂದು ಒಂದೆರಡು ವರ್ಷ. ತಾಳದ ಪೆಟ್ಟಿಗೆ ಮತ್ತು ಬೇಸ್ ಪೆಟ್ಟಿಗೆಯನ್ನು ಅವರು ಸಿಂಗಪುರದಲ್ಲಿ ಕೊಂಡು ತಂದರು.

ಮೊದಲನೆಯದು ಟಿಆರ್-808 ಎಂಬ ತಾಳದ ಪೆಟ್ಟಿಗೆ. ಇದರೊಳಗೆ ನಿಜವಾದ ಡೋಲಿನ ಶಬ್ದವನ್ನು ತುಂಬಿಸಿಟ್ಟಿಲ್ಲ. ಕರೆಂಟನ್ನೇ ಕಂಪನ ಮಾಡಿಸಿ ಡೋಲಿನ ಹಾಗೆ, ಚಪ್ಪಾಳೆಯ ಹಾಗೆ, ತಾಳದ ಬಟ್ಟಲಿನ ಹಾಗೆ ಶಬ್ದ ಹುಟ್ಟಿಸುತ್ತದೆ. ಮುಂದೆ ಸಾಲಾಗಿ ಹದಿನಾರು ಗುಂಡಿ. ಯಾವ ಮನೆಯಲ್ಲಿ ಪೆಟ್ಟು ಬೀಳಬೇಕೋ ಆ ಗುಂಡಿ ಒತ್ತಿಡುವುದು. ಒಂದು, ಐದು, ಒಂಬತ್ತು, ಹದಿಮೂರು ಒತ್ತಿದರೆ ಡಿಸ್ಕೋದ ದಬ್ ದಬ್ ದಬ್ ದಬ್ ಸಿದ್ಧ. ಮಜಾ ಏನಪ್ಪಾ ಅಂದರೆ ಹಿಂದೂಸ್ತಾನಿಯ ತೀನ್ ತಾಲದ ಲೆಕ್ಕವೂ ಹದಿನಾರೇ ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ಭಾಗ. ಜಪಾನಿನ ಇಂಜಿನಿಯರಿಗೆ ನಮ್ಮ ತಾಳದ ಯೋಚನೆ ಇರಲಿಲ್ಲ, ಆದರೂ ಲೆಕ್ಕ ಹೋಗಿ ಸರಿಯಾಗಿ ಕೂತಿತು.

ಎರಡನೆಯದು ಟಿಬಿ-303. ಒಬ್ಬನೇ ಗಿಟಾರ್ ಅಭ್ಯಾಸ ಮಾಡುವವನಿಗೆ ಜೊತೆಗೆ ಬೇಸ್ ಗಿಟಾರ್ ನುಡಿಸಿಕೊಡಲಿ ಅಂತ 1981ರಲ್ಲಿ ಮಾಡಿದ ಪುಟ್ಟ ಪೆಟ್ಟಿಗೆ. ಸ್ವರಗಳನ್ನು ಒಂದೊಂದಾಗಿ ತುಂಬಿಸಿದರೆ ಅದೇ ಸಾಲನ್ನು ಸುತ್ತಿ ಸುತ್ತಿ ನುಡಿಸುತ್ತಾ ಇರುತ್ತದೆ. ಆದರೆ ನಿಜವಾದ ಬೇಸ್ ಗಿಟಾರಿನ ಹಾಗೆ ಕೇಳಿಸುವುದೇ ಇಲ್ಲ. ಸ್ವರ ತುಂಬಿಸುವುದೂ ತಲೆನೋವು. ಒಂದು ವಿಶೇಷ ಮಾತ್ರ ಅದರಲ್ಲಿತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಹಾರದೆ ಜಾರಿಕೊಂಡು ಹೋಗುವ ಅನುಕೂಲ.

ಮೂರನೆಯದು ಜೂಪಿಟರ್-8 ಎಂಬ ದೊಡ್ಡ ಕೀಬೋರ್ಡು. ಒಟ್ಟಿಗೆ ಎಂಟು ಸ್ವರ ಹಿಡಿಯಬಹುದು. ಇದರಲ್ಲೂ ಸ್ವರವನ್ನು ಜಾರಿಸಬಹುದು, ಬಗ್ಗಿಸಬಹುದು.

ಈ ಜಾರುವುದು, ಬಗ್ಗಿಸುವುದು ಯಾಕೆ ಮುಖ್ಯ ಅಂದರೆ ಅಲ್ಲಿದೆ ರಾಗದ ಪ್ರಾಣ. ಬರೀ ಸರಿಗಮಪದನಿ ಮನೆಗಳನ್ನು ಟಕ್ ಟಕ್ ಅಂತ ಒತ್ತಿದರೆ ಅದು ಟೈಪ್‌ರೈಟರ್. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ದಾರಿಯಲ್ಲಿ ಇರುವುದು ರಾಗ. ಹಿಂದೂಸ್ತಾನಿಯವರು ಮೀಂಡ್ ಅನ್ನುತ್ತಾರೆ, ನಮ್ಮ ಕಡೆ ಗಮಕ, ಜಾರು ಅನ್ನುತ್ತೇವೆ. ಚರಣ್‌ಜಿತ್ ಸಿಂಗ್ ಮೊದಲಿನಿಂದ ಸ್ಟೀಲ್ ಗಿಟಾರ್ ನುಡಿಸಿದವರು ಅಂದೆನಲ್ಲ. ಅದರಲ್ಲಿ ಬೆರಳಿನಿಂದ ತಂತಿ ಅದುಮುವುದಿಲ್ಲ, ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುತ್ತಾರೆ. ಜಾರುವುದು ಅವರ ಕೈಗೆ ಆಗಲೇ ಅಭ್ಯಾಸ. ಹೊಸ ಪೆಟ್ಟಿಗೆ ಬಂದಾಗ ಹಳೇ ಕೈ ತನಗೆ ಬೇಕಾದ್ದನ್ನು ಅದರಲ್ಲಿ ಹುಡುಕಿಕೊಂಡಿತು.

ಮನೆಯಲ್ಲೇ ಪ್ರಯೋಗ

ಮೂರು ಪೆಟ್ಟಿಗೆಗಳನ್ನು ವೈರಿನಿಂದ ಒಂದಕ್ಕೊಂದು ಜೋಡಿಸಿದರೆ ಮೂರೂ ಒಂದೇ ಓಟದಲ್ಲಿ ಓಡುತ್ತವೆ. ತಾಳದ ಪೆಟ್ಟಿಗೆ ಹೇಳಿದ ಹಾಗೆ ಉಳಿದವು ಕೇಳಬೇಕು. ಅವರು ಇದನ್ನು ಮನೆಯಲ್ಲಿಟ್ಟುಕೊಂಡು ಅಭ್ಯಾಸ ಮಾಡಿದರು. ಕೇಳೋಕೆ ಚೆನ್ನಾಗಿದೆ ಅನ್ನಿಸಿತು, ರೆಕಾರ್ಡ್ ಮಾಡೋಣ ಅಂದುಕೊಂಡರು. ನೂರು ಜನರ ವಾದ್ಯವೃಂದದಲ್ಲಿ ಒಬ್ಬನಾಗಿ ಕೂತಿದ್ದವರು ಇಲ್ಲಿ ಮೊದಲಿಂದ ಕೊನೆತನಕ ತಾನೇ ಎಲ್ಲ. ತಾಳ ಹಾಕುವವರೂ ಅವರೇ, ಬೇಸ್ ಹಾಕುವವರೂ ಅವರೇ, ರಾಗ ಬೆಳೆಸುವವರೂ ಅವರೇ.

1982ರಲ್ಲಿ ರೆಕಾರ್ಡಾಗಿ, ಎಚ್.ಎಂ.ವಿ. ಮುದ್ರೆಯಡಿ ಬಂದ ಆ ಪ್ಲೇಟಿನ ಹೆಸರು 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ಡಿಸ್ಕೋ ತಾಳಕ್ಕೆ ಹತ್ತು ರಾಗ. ಹೆಸರಿನಲ್ಲೇ ಎಲ್ಲ ಹೇಳಿಬಿಟ್ಟಿದ್ದಾರೆ, ಕದ್ದುಮುಚ್ಚಿ ಇಲ್ಲ.

ಯಾವ್ಯಾವ ರಾಗ? ಭೈರವ್, ಲಲಿತ್, ಭೂಪಾಲಿ, ತೋಡಿ, ಮಧುವಂತಿ, ಮೇಘ್ ಮಲ್ಹಾರ್, ಯಮನ್, ಕಲಾವತಿ, ಮಾಲ್‌ಕೌಂಸ್, ಬೈರಾಗಿ. ಅತ್ತ ಧಾರವಾಡದ ಹಿಂದೂಸ್ತಾನಿ, ಇತ್ತ ಮೈಸೂರಿನ ಕರ್ನಾಟಕ ಸಂಗೀತ, ಎರಡರ ನಡುವೆ ಕೂತ ನಮ್ಮೂರಿನವರಿಗೆ ಇವು ಪರಕೀಯ ಅಲ್ಲವೇ ಅಲ್ಲ. ಭೈರವ್ ಅಂದರೆ ನಮ್ಮ ಮಾಯಾಮಾಳವಗೌಳದ ಸ್ವರಗಳೇ. ಪಾಠಕ್ಕೆ ಹೋದ ಮಕ್ಕಳೆಲ್ಲ ಮೊದಲು ಹೇಳುವ ಸರಳೆ ವರಸೆ ಅದರಲ್ಲೇ. ಭೂಪಾಲಿ ನಮ್ಮ ಮೋಹನ. ಯಮನ್ ನಮ್ಮ ಕಲ್ಯಾಣಿಯ ಬಂಧು. ಮಾಲ್‌ಕೌಂಸ್ ನಮ್ಮ ಹಿಂದೋಳ. ಕಲಾವತಿ ನಮ್ಮ ವಲಚಿ, ಬೈರಾಗಿ ನಮ್ಮ ರೇವತಿ. ಬಸ್ಸಿನ ಆ ಹಿರಿಯರಿಗೆ ಯಾರಾದರೂ "ಅಜ್ಜಾ, ಇದು ಕಲ್ಯಾಣಿ" ಅಂದಿದ್ದರೆ ಗಿರಣಿ ಅನ್ನುತ್ತಿದ್ದರೋ ಇಲ್ಲವೋ.

ಒಂದೊಂದೂ ಸುಮಾರು ಐದು ನಿಮಿಷ. ಕೆಳಗೆ ಬೇಸ್ ಸಾಲು ಗಾಣದ ಎತ್ತಿನ ಹಾಗೆ ಸುತ್ತುತ್ತಿರುತ್ತದೆ. ಅದರ ಮೇಲೆ ರಾಗ ತನ್ನ ಪಾಡಿಗೆ ತಾನು ಏರುತ್ತದೆ, ಇಳಿಯುತ್ತದೆ. ತಂಬೂರದ ಷಡ್ಜ ಹೇಗೆ ನಿಂತಲ್ಲೇ ನಿಂತು ಗಾಯಕನಿಗೆ ನೆಲ ಕೊಡುತ್ತದೋ, ಇಲ್ಲಿ ಆ ಸುತ್ತುವ ಸಾಲು ನೆಲ ಕೊಡುತ್ತದೆ. ಇಡೀ ಪ್ರಯೋಗ ಯಾಕೆ ಕೂಡಿಬಂತು ಅನ್ನುವುದಕ್ಕೆ ನನಗೆ ತೋಚುವ ಕಾರಣ ಇದು. ಡಿಸ್ಕೋದಲ್ಲೂ ರಾಗದಲ್ಲೂ ಒಂದೇ ಆಧಾರದ ಮೇಲೆ ಬಹಳ ಹೊತ್ತು ನಿಲ್ಲುವ ಗುಣ ಇದೆ. ಸಿನಿಮಾ ಹಾಡಿನ ಹಾಗೆ ಪಲ್ಲವಿ, ಚರಣ ಅಂತ ಮನೆ ಬದಲಾಯಿಸುತ್ತಾ ಹೋಗಬೇಕಿಲ್ಲ.

ತಕರಾರೂ ಇದೆ. ಭೈರವ್, ತೋಡಿ ಬೆಳಗಿನ ರಾಗ, ಮಾಲ್‌ಕೌಂಸ್ ರಾತ್ರಿಯದು, ಮೇಘ್ ಮಲ್ಹಾರ್ ಮಳೆಗಾಲದ್ದು. ಇಲ್ಲಿ ಬೆಳಗೂ ಇಲ್ಲ ಬೈಗೂ ಇಲ್ಲ, ಎಲ್ಲಕ್ಕೂ ಒಂದೇ ಓಟ. ವಿದ್ವಾಂಸರು ಒಂದು ಗಂಟೆ ಬಿಡಿಸಿ ಹೇಳುವುದನ್ನು ಐದು ನಿಮಿಷಕ್ಕೆ ಕಟ್ಟಿಕೊಟ್ಟಿದ್ದಾರೆ. ಸೂಕ್ಷ್ಮ ಶ್ರುತಿಗಳು ಕೀಬೋರ್ಡಿನ ಹನ್ನೆರಡು ಮನೆಗಳಲ್ಲಿ ಪೂರ್ತಿ ಸಿಗುವುದಿಲ್ಲ. ಇವೆಲ್ಲ ನಿಜ. ಸಂಗೀತ ಬಲ್ಲವರು ಆಕ್ಷೇಪಿಸಿದರೆ ನಾನು ವಾದಕ್ಕೆ ಹೋಗಲಾರೆ. ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟವನು ನಾನು, ಸಂಗೀತಶಾಸ್ತ್ರ ಎಲ್ಲಿಂದ ತರಲಿ?

ಮಾಲು ಓಡಲಿಲ್ಲ

ಅಂಗಡಿಕಾರರಿಗೆ ಈ ಭಾಗ ಚೆನ್ನಾಗಿ ಅರ್ಥ ಆಗುತ್ತದೆ. ಮಾಲು ಹೊಸದು, ಗಟ್ಟಿ, ಆದರೆ ಗಿರಾಕಿಗೆ ಇದೇನು ಅಂತಲೇ ಗೊತ್ತಾಗುವುದಿಲ್ಲ. ರಾಗ ಬೇಕಾದವರು ಸಿತಾರ್ ಪ್ಲೇಟು ಕೊಂಡರು. ಡಿಸ್ಕೋ ಬೇಕಾದವರು ಬಪ್ಪಿ ಲಹಿರಿ ಕೊಂಡರು. ಎರಡೂ ಒಟ್ಟಿಗೆ ಬೇಕು ಅಂತ ಅಂಗಡಿ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. ಪ್ಲೇಟು ಓಡಲಿಲ್ಲ. ಚರಣ್‌ಜಿತ್ ಸಿಂಗ್ ಮತ್ತೆ ತಮ್ಮ ದುಡಿಮೆಗೆ ಹೋದರು.

ತಮಾಷೆ ನೋಡಿ, ಆ ಪೆಟ್ಟಿಗೆಗಳ ಗತಿಯೂ ಅದೇ ಆಯಿತು. ಟಿಆರ್-808 ಸುಮಾರು 12,000 ತಯಾರಾಗಿ 1983ಕ್ಕೆ ನಿಂತುಹೋಯಿತು. ಅದರ ತಾಳದ ಬಟ್ಟಲಿನ ಸಿರ್ ಅನ್ನುವ ಶಬ್ದ ಬರುತ್ತಿದ್ದದ್ದು ದೋಷ ಇದ್ದ ಟ್ರಾನ್ಸಿಸ್ಟರುಗಳಿಂದ. ಆಮೇಲೆ ಟ್ರಾನ್ಸಿಸ್ಟರು ಮಾಡುವ ವಿದ್ಯೆ ಸುಧಾರಿಸಿ ದೋಷದ ಮಾಲು ಸಿಗುವುದೇ ನಿಂತಿತು, ಪೆಟ್ಟಿಗೆಯೂ ನಿಂತಿತು ಎಂದು ಕಂಪನಿ ಕಟ್ಟಿದ ಇಕುತಾರೋ ಕಾಕೆಹಾಶಿ ಅವರೇ ಹೇಳಿದ್ದಾರೆ. ಟಿಬಿ-303ರ ತಯಾರಿಕೆ 1984ಕ್ಕೆ ಬಂದ್. ಎರಡೂ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗದ ಬೆಲೆಗೆ ಬಿದ್ದವು.

ಆ ಅಗ್ಗದ ಬೆಲೆಯೇ ಮುಂದಿನ ಕತೆಗೆ ಕಾರಣ. ಅಮೆರಿಕದ ಚಿಕಾಗೋದಲ್ಲಿ ಕೈಯಲ್ಲಿ ಹೆಚ್ಚು ಕಾಸಿಲ್ಲದ ಕರಿಯ ತರುಣರು ಈ 303 ಪೆಟ್ಟಿಗೆಯನ್ನು ಹಿಡಿದರು. ಅದು ಸುತ್ತಿ ನುಡಿಸುತ್ತಿರುವಾಗಲೇ ಅದರ ತಿರುಪುಗಳನ್ನು ತಿರುಗಿಸಿದರು. ಶಬ್ದ ಕುಯ್ ಅಂತ ಕೂಗಿತು, ಗುಳುಗುಳು ಅಂತು. ಇದನ್ನೇ ಇಟ್ಟುಕೊಂಡು ಫ್ಯೂಚರ್ ಎಂಬ ತಂಡ 1987ರಲ್ಲಿ 'ಆಸಿಡ್ ಟ್ರ್ಯಾಕ್ಸ್' ಎಂಬ ಪ್ಲೇಟು ಹೊರಡಿಸಿತು. ಅಲ್ಲಿಂದ ಹುಟ್ಟಿದ್ದು ಆಸಿಡ್ ಹೌಸ್ ಎಂಬ ಸಂಗೀತ; ಇಂಗ್ಲೆಂಡು, ಯೂರೋಪಿನ ಯುವಕರನ್ನೆಲ್ಲ ರಾತ್ರಿಯಿಡೀ ಕುಣಿಸಿದ್ದು. ಈಗಿನ ಡಿ.ಜೆ.ಗಳ ದಬ್ ದಬ್‌ಗೆ ಅದೂ ಒಂದು ತಾಯಿಬೇರು.

ಚಿಕಾಗೋದವರಿಗಿಂತ ಐದು ವರ್ಷ ಮೊದಲೇ ಅದೇ ಪೆಟ್ಟಿಗೆ, ಅದೇ ಸುತ್ತುವ ಸಾಲು, ಅದೇ ಜಾರುವ ಸ್ವರ ಮುಂಬಯಿಯಲ್ಲಿ ಪ್ಲೇಟಾಗಿತ್ತು. ಹಾಗಂತ ಚಿಕಾಗೋದವರು ನಮ್ಮವರಿಂದ ಕದ್ದರು ಅಂತ ಎದೆ ತಟ್ಟಿಕೊಳ್ಳಬೇಡಿ. ಅವರ ಕಿವಿಗೆ ಈ ಪ್ಲೇಟು ಬಿದ್ದಿತ್ತು ಅನ್ನುವುದಕ್ಕೆ ಆಧಾರ ಇಲ್ಲ. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಹೊಳೆಗೆ ಬಂದರು, ಅಷ್ಟೆ. ಅವರು ತಿರುಪು ತಿರುಗಿಸಿ ಬಂದರು, ಇವರು ರಾಗ ಹಿಡಿದು ಬಂದರು.

ದಿಲ್ಲಿಯ ಅಂಗಡಿಯಲ್ಲಿ ಸಿಕ್ಕ ಪ್ಲೇಟು

2002ರಲ್ಲಿ ಹಾಲೆಂಡಿನ ಎಡೋ ಬೌಮನ್ ಎಂಬ ಸಂಗ್ರಾಹಕರು ದಿಲ್ಲಿಯಲ್ಲಿ ಹಳೇ ಪ್ಲೇಟುಗಳನ್ನು ಹುಡುಕುತ್ತಿದ್ದರು. ಹಿಂದಿ ಸಿನಿಮಾ ಸಂಗೀತ ಅವರ ಹುಚ್ಚು. ಅಲ್ಲಿ ಈ ಪ್ಲೇಟು ಸಿಕ್ಕಿತು. ಹಾಕಿ ಕೇಳಿದವರಿಗೆ ನಂಬಲಿಕ್ಕೆ ಆಗಲಿಲ್ಲ. ಆಮೇಲೆ ಮುಂಬಯಿಯಲ್ಲಿ ಚರಣ್‌ಜಿತ್ ಸಿಂಗರನ್ನು ಹುಡುಕಿ ಭೇಟಿ ಮಾಡಿ, 2010ರಲ್ಲಿ ತಮ್ಮ 'ಬಾಂಬೆ ಕನೆಕ್ಷನ್' ಎಂಬ ಮುದ್ರೆಯಡಿ ಅದೇ ಹತ್ತು ರಾಗಗಳನ್ನು ಮತ್ತೆ ಹೊರಡಿಸಿದರು.

ಲೋಕಕ್ಕೆ ಲೋಕವೇ ಕಿವಿ ನಿಮಿರಿಸಿತು. ಇದು ಈಗಿನವರು ಯಾರೋ ಕಂಪ್ಯೂಟರಿನಲ್ಲಿ ಮಾಡಿ ಹಳೇದು ಅಂತ ಬಿಟ್ಟ ಸುಳ್ಳು ಎಂದು ಅನುಮಾನ ಪಟ್ಟವರೂ ಇದ್ದರು. ಸುಳ್ಳಾಗಿರಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ ಮುಂಬಯಿಯಲ್ಲಿ ಕೂತಿದ್ದರು, ಜನ ಯಾಕೆ ಇಷ್ಟು ಹೊಗಳುತ್ತಿದ್ದಾರೆ ಅಂತ ಆಶ್ಚರ್ಯ ಪಡುತ್ತಾ. ಆಸಿಡ್ ಹೌಸ್ ಎಂಬುದು ಅವರ ಮನಸ್ಸಿನಲ್ಲಿ ಇದ್ದದ್ದೇ ಅಲ್ಲ. ಅವರು ಮಾಡಿದ್ದು ರಾಗ. ನಂತರದ ವರ್ಷಗಳಲ್ಲಿ ಯೂರೋಪಿಗೆ ಹೋಗಿ, ಮೊಮ್ಮಕ್ಕಳ ವಯಸ್ಸಿನ ಹುಡುಗ ಹುಡುಗಿಯರ ಎದುರು ಅದೇ ರಾಗಗಳನ್ನು ಅದೇ ತರದ ಪೆಟ್ಟಿಗೆಗಳಲ್ಲಿ ನುಡಿಸಿ ಬಂದರು. 2015ರ ಜುಲೈನಲ್ಲಿ ತೀರಿಕೊಂಡರು.

1982ರಿಂದ 2010. ಇಪ್ಪತ್ತೆಂಟು ವರ್ಷ. ಇನ್ನೊಂದು ಐದಾರು ವರ್ಷ ತಡವಾಗಿದ್ದರೆ ತನ್ನ ಕೆಲಸಕ್ಕೆ ಬೆಲೆ ಬಂತು ಅನ್ನೋದು ಆ ಮನುಷ್ಯನಿಗೆ ಗೊತ್ತೇ ಆಗುತ್ತಿರಲಿಲ್ಲ.

ಢೋಲಕ್ ಲೆಕ್ಕ

ಇಷ್ಟೆಲ್ಲ ತಿಳಿದ ಮೇಲೂ ನನ್ನ ಹಳೇ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ತಬಲಾ ತೆಗೆದರು ಅನ್ನುವ ಮಾತು ಗಂಟಲಲ್ಲಿ ಸಿಕ್ಕಿಕೊಂಡೇ ಇತ್ತು. ಯಂತ್ರ ಬಂದಾಗಲೆಲ್ಲ ಯಾರದೋ ತಟ್ಟೆಯ ಅನ್ನ ಕಮ್ಮಿ ಆಗುತ್ತದೆ. ಇದು ಸುಳ್ಳಲ್ಲ.

ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ನೋಡಬೇಕು. ನಮ್ಮ ನಾಟಕ ಕಂಪನಿಗಳ ಉಸಿರೇ ಆಗಿಹೋದ ಹಾರ್ಮೋನಿಯಂ ಯೂರೋಪಿನಿಂದ ಬಂದ ಪೆಟ್ಟಿಗೆ. ಅದರಲ್ಲಿ ಗಮಕ ಬರೋದಿಲ್ಲ ಅಂತ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು; ನಿಷೇಧ ಸಡಿಲವಾದದ್ದು 1971ರಲ್ಲಿ. ಈಗ ಹಾರ್ಮೋನಿಯಂ ಇಲ್ಲದ ಭಜನೆ ಉಂಟೇ? ಬೆಂಗಳೂರಿನಲ್ಲಿ ಸಂಗೀತಗಾರರೂ ಆದ ಇಂಜಿನಿಯರ್ ಜಿ. ರಾಜ್ ನಾರಾಯಣ್ ಅವರು ಮಾಡಿದ ಎಲೆಕ್ಟ್ರಾನಿಕ್ ತಂಬೂರ 1979ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಮ್ಮೇಳನದಲ್ಲಿ ಕಾಣಿಸಿಕೊಂಡಿತು. ಇವತ್ತು ಪಾಠದ ಮನೆಗಳಲ್ಲಿ, ಕಚೇರಿಗಳಲ್ಲಿ ಅಂಥ ಪೆಟ್ಟಿಗೆ ಮಾಮೂಲು. ತಂಬೂರ ಮೀಟುತ್ತಿದ್ದ ಶಿಷ್ಯನಿಗೆ ಆ ಕೆಲಸ ಕಮ್ಮಿಯಾಯಿತು, ನಿಜ. ತಂಬೂರ ಕೊಳ್ಳಲಾಗದ ಬಡವರ ಮಗುವಿಗೆ ಶ್ರುತಿ ಸಿಕ್ಕಿತು, ಅದೂ ನಿಜ.

ವ್ಯತ್ಯಾಸ ಎಲ್ಲಿದೆ ಅಂದರೆ, ಖರ್ಚು ಉಳಿಸಲು ಒಬ್ಬನನ್ನು ಕಳಿಸಿ ಅವನ ಜಾಗಕ್ಕೆ ಯಂತ್ರ ಕೂರಿಸುವುದು ಒಂದು. ಯಂತ್ರದ ಎದುರು ತಾನೇ ಕೂತು, ಅದು ಮಾಡಲಾರದ್ದನ್ನು ಅದರಿಂದ ಮಾಡಿಸುವುದು ಇನ್ನೊಂದು. ನಮ್ಮ ದೊಡ್ಡಪ್ಪನಿಗೆ ಆದದ್ದು ಮೊದಲನೆಯದು. ಚರಣ್‌ಜಿತ್ ಸಿಂಗ್ ಮಾಡಿದ್ದು ಎರಡನೆಯದು. ಅದಕ್ಕಿಂತ ಹೆಚ್ಚಾಗಿ, ಅವರೂ ದೊಡ್ಡಪ್ಪನ ಜಾತಿಯವರೇ. ಕರೆದಾಗ ಹೋಗಿ ನುಡಿಸಿ, ಹೆಸರಿಲ್ಲದೆ ಮನೆಗೆ ಬಂದವರು.

ಭಾನುವಾರ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ದೊಡ್ಡಪ್ಪನ ಮನೆಗೆ ಹೋದೆ. ಏನೂ ಹೇಳದೆ ಮೊಬೈಲಿನಲ್ಲಿ ಮಾಲ್‌ಕೌಂಸ್ ಹಾಕಿ ಮೇಜಿನ ಮೇಲಿಟ್ಟೆ. ಮುಖ ಸಿಂಡರಿಸಿದರು. "ಎಂಥದಲೇ ಇದು, ಟಕಟಕ" ಅಂದರು. ಒಂದು ನಿಮಿಷ ಆಯಿತು. ತಟ್ಟೆಯ ಕಡೆ ಹೋಗುತ್ತಿದ್ದ ಕೈ ಮೇಜಿನ ಅಂಚಿನಲ್ಲೇ ನಿಂತಿತು. ಎರಡು ಬೆರಳು ಮೆಲ್ಲಗೆ ತಟ್ಟಲು ಶುರು ಮಾಡಿದವು. ಯಂತ್ರದ ಪೆಟ್ಟಿನ ಮೇಲೆ ಅಲ್ಲ, ಪೆಟ್ಟು ಪೆಟ್ಟಿನ ನಡುವೆ ಅದು ಬಿಟ್ಟ ಜಾಗದಲ್ಲಿ.

ಮುಗಿದ ಮೇಲೆ ಕೇಳಿದೆ, "ಹೆಂಗಿತ್ತು ದೊಡ್ಡಪ್ಪಾ?"

"ತಾಳ ಮಿಷಿನ್ದು. ಮ್ಯಾಲಿಂದು ಮಿಷಿನ್ದಲ್ಲ, ಅಲ್ಲಿ ಒಬ್ಬ ಮನುಷ್ಯ ಕುಂತಾನೆ" ಅಂದರು. ಆಮೇಲೆ, "ಯಾರವನು? ಹೆಸರೇನು?" ಅಂದರು.

ಹೆಸರು ಹೇಳಿದೆ. ಒಂದು ಸಲ ತಾವೂ ಹೇಳಿಕೊಂಡರು. ಗೋಡೆಯ ಮೇಲಿದ್ದ ಢೋಲಕ್ಕನ್ನು ಇಳಿಸಲಿಲ್ಲ, ಸುಳ್ಳು ಯಾಕೆ ಬರೆಯಲಿ. "ಇನ್ನೊಂದು ಹಾಕು" ಅಂತ ಮಾತ್ರ ಅಂದರು.

ಹಾಕಿದೆ.